ಕೆಂಪು ಕೋಟಿನವನ ಅಡುಗೆಮನೆ

ಎಡಗಡೆಯ ಪುಟದಲ್ಲಿ ಒಂದು ಒಲೆ, ಅದರ ಮೇಲೆ ಇನ್ನೇನು ಉಕ್ಕಲಿರುವ ಹಾಲಿನ ಪಾತ್ರೆ. ಬಲಗಡೆಯ ಪುಟದಲ್ಲಿ ಕೆಂಪು ಕೋಟು, ಹೊಳೆಯುವ ಗುಂಡಿ, ತುರಾಯಿ ಟೋಪಿಯ ಬ್ಯಾಂಡಿನವನೊಬ್ಬ ಕೆನ್ನೆ ಉಬ್ಬಿಸಿಕೊಂಡು ಕಹಳೆ ಊದುತ್ತಿದ್ದಾನೆ. ಕಹಳೆಯ ಬಾಯಿ ಸರಿಯಾಗಿ ಒಲೆಯ ಬಾಯಿಗೆ. ಒಲೆಯ ಕೆಳಗೆ ದಪ್ಪಕ್ಷರದಲ್ಲಿ, ‘ಇದು ನಮ್ಮ ಅಡುಗೆಮನೆ. ಇಲ್ಲಿ ಸದಾ ಶಾಂತಿ ಇರುತ್ತದೆ.’ ಕಹಳೆಯವನ ಕೆಳಗೆ, ‘ಭೋಂ ಭೋಂ! ಆನೆ ಬಂತು, ದಾರಿ ಬಿಡಿ!’

ಇಂಥ ಪುಸ್ತಕವನ್ನು ಯಾವ ಪ್ರಕಾಶಕರೂ ಅಚ್ಚು ಹಾಕಿರಲಿಲ್ಲ. ಅದು ತಯಾರಾದದ್ದು ನಮ್ಮೂರ ವಾಚನಾಲಯದ ಪಡಸಾಲೆಯಲ್ಲಿ, ನನ್ನ ಮೇಜಿನಿಂದ ಹತ್ತು ಹೆಜ್ಜೆ ಆಚೆ. ನಾನು ನೋಡಲೇ ಇಲ್ಲ. ಕೆಲಸದ ಗಡಿಬಿಡಿಯಲ್ಲಿದ್ದೆ ಎಂದು ಆಗ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಆ ಮೂರು ದಿನ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಮುಳುಗಿಹೋಗಿದ್ದೆ.

ನನಗಾಗ ಇಪ್ಪತ್ತೆರಡು. ವಾಚನಾಲಯದ ಮಕ್ಕಳ ವಿಭಾಗಕ್ಕೆ ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡಿದ್ದರು. ಸಂಜೆ ನಾಲ್ಕಕ್ಕೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಚಿತ್ರಪುಸ್ತಕ ಓದಿ ಹೇಳುವುದು ನನ್ನ ಕೆಲಸ. ಇದ್ದವು ಮೂರೇ ಒಳ್ಳೆಯ ಪುಸ್ತಕ. ಒಂದು ಸರ್ಕಸ್ಸಿನದು, ಒಂದು ಕಾಡಿನ ಪ್ರಾಣಿಗಳದು, ಮೂರನೆಯದು ‘ನಮ್ಮ ಚೊಕ್ಕ ಸಂಸಾರ’. ಈ ಚೊಕ್ಕ ಸಂಸಾರದಲ್ಲಿ ಕೊಡೆ ಹಿಡಿದು ಕಚೇರಿಗೆ ಹೋಗುವ ತಂದೆ, ಬಡಿಸುವ ತಾಯಿ, ಒಬ್ಬ ಮಗ, ಒಬ್ಬ ಮಗಳು ಇದ್ದರು. ಯಾರ ಬಟ್ಟೆಗೂ ಒಂದು ಕಲೆ ಇರಲಿಲ್ಲ.

ಅದನ್ನು ಓದಿದ ದಿನ ನನ್ನ ಬಾಯಿ ಸುಮ್ಮನಿರಬಾರದೇ? “ಈಗ ನಿಮ್ಮ ಮನ್ಯಾಗ ಯಾರ್‍ಯಾರು ಇದ್ದೀರಿ, ಪುಸ್ತಕದಾಗ ಇದ್ದಂಗ ಹೇಳ್ರಿ ನೋಡೋಣು” ಎಂದೆ. ಮೊದಲು ಎದ್ದು ನಿಂತವಳು ಹುಲಿಗೆವ್ವ, ಆರು ವರ್ಷದವಳು.

“ದೊಡ್ಡ ಕಾಕಾ, ಸಣ್ಣ ಕಾಕಾ, ನಾನು.”

“ಹಂಗಲ್ಲವ್ವಾ. ಪುಸ್ತಕದಾಗ ಇದ್ದಂಗ.”

ಅವಳು ಮತ್ತೆ ಅದನ್ನೇ, ಇನ್ನೂ ಗಟ್ಟಿಯಾಗಿ ಹೇಳಿದಳು. ಮಕ್ಕಳೆಲ್ಲ ಘೊಳ್ಳೆಂದು ನಕ್ಕವು. ಅವಳ ಕಾಕಾಂದಿರು ಮದುವೆ ಬ್ಯಾಂಡಿನವರು, ಅಪ್ಪ ಅವ್ವ ಇಬ್ಬರೂ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮರುದಿನದಿಂದ ಹುಲಿಗೆವ್ವ ಒಳಗೆ ಬರಲಿಲ್ಲ. ನಾಲ್ಕು ಹೊಡೆಯುತ್ತಲೇ ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಕತೆ ಮುಗಿದ ಮೇಲೆ ಎದ್ದು ಹೋಗುತ್ತಿದ್ದಳು. ಕರೆದರೆ “ಒಲ್ಲೆ” ಎಂಬ ಒಂದೇ ಮಾತು. ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಅವಳನ್ನು ಮತ್ತೆ ಚಾಪೆಯ ಮೇಲೆ ಕೂರಿಸದಿದ್ದರೆ ಈ ಕೆಲಸವೇ ಬೇಡ ಎನ್ನಿಸಿತ್ತು. ಪೆಪ್ಪರಮೆಂಟು ತೋರಿಸಿದೆ. ಪೆಪ್ಪರಮೆಂಟು ಇಸಿದುಕೊಂಡು ಮೆಟ್ಟಿಲ ಮೇಲೇ ಕೂತಳು.

ಅಷ್ಟರಲ್ಲಿ ಇಲಿಗಳು ನುಗ್ಗಿ ಆ ಮೂರೂ ಪುಸ್ತಕಗಳ ಬೆನ್ನು, ಮೂಲೆ ಎಲ್ಲ ತಿಂದುಹಾಕಿದವು. ಹಾಳೆಗಳೆಲ್ಲ ಬಿಡಿಬಿಡಿ. ಬೈಂಡಿಂಗಿನ ದಸ್ತಗೀರಸಾಬರನ್ನು ಕರೆಸಿದೆ. ಜೀವಮಾನವೆಲ್ಲ ಕೋರ್ಟಿನ ದಫ್ತರಗಳನ್ನೇ ಹೊಲಿದ ಮುದುಕ. ಮೂವತ್ತಾರು ಹಾಳೆ ಎಣಿಸಿ ಕೊಟ್ಟೆ, ಚೀಟಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವರು ಪಡಸಾಲೆಯಲ್ಲಿ ಸೂಜಿ, ದಾರ, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ಅಂಟಿನ ಡಬ್ಬಿ ಹರಡಿಕೊಂಡು ಕೂತರು. ನಾನು ಕಾದಂಬರಿ ತೆರೆದೆ.

ಮೂರನೆಯ ದಿನ ಅವರು ತಂದು ಮೇಜಿನ ಮೇಲೆ ಇಟ್ಟದ್ದು ದಪ್ಪನೆಯ ಒಂದೇ ಒಂದು ಪುಸ್ತಕ.

“ದಸ್ತಗೀರಸಾಬ್ರ, ನಾ ಕೊಟ್ಟಿದ್ದು ಮೂರು!”

“ಇದು ಒಂದೈತ್ರಿ ಅಕ್ಕೋರ. ಆದ್ರ ಗಟ್ಟಿ ಐತಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚೂದಿಲ್ಲ.”

ತೆರೆದೆ. ಒಲೆ, ಕಹಳೆ. “ಅಯ್ಯ, ಅಡಗಿ ಮನ್ಯಾಗ ಸರ್ಕಸ್ ಬ್ಯಾಂಡಿನವ ಯಾಕ ಬಂದಾನ್ರೀ?”

“ಹಸಿದಿರಬೇಕು.”

ನಾನು ಹಾರಾಡಿದೆ. ಅವರು ಸಾವಧಾನವಾಗಿ ಸೂಜಿಗೆ ಉಳಿದ ದಾರ ಸುತ್ತಿಕೊಳ್ಳುತ್ತ ಹೇಳಿದರು: “ಮೂಲ್ಯಾಗಿನ ನಂಬರ್ ಇಲಿ ತಿಂದಾವು. ನಾ ಅಕ್ಷರ ಕಲ್ತಾವಲ್ಲ. ಕೋರ್ಟಿನ ಕಾಗದಕ್ಕ ಚಿತ್ರ ಇರೂದಿಲ್ಲ, ತಂಟೇನೂ ಇಲ್ಲ. ಇದರಾಗ ಯಾರಿಗೆ ಯಾರು ಏನಾಗಬೇಕಂತ ಕೇಳಿ ಕೇಳಿ ಹೊಲದೇನಿ.”

ಯಾರನ್ನು ಕೇಳಿದಿರಿ ಎಂದು ನಾನಾದರೂ ಕೇಳಬೇಕಿತ್ತು. ಕೂಗಾಟದಲ್ಲಿ ಅದು ಹೊಳೆಯಲಿಲ್ಲ. ಪುಟ ಬಿಚ್ಚಿ ಕೊಡಿ ಎಂದರೆ, ಒಂದು ಬದಿಗೆ ಮಾತ್ರ ಅಚ್ಚಾಗಿದ್ದ ಹಾಳೆಗಳ ಖಾಲಿ ಬೆನ್ನುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿದ್ದರು. ಬಿಚ್ಚಬೇಕೆಂದರೆ ಹರಿಯಬೇಕು.

ಬೇರೆ ಒಳ್ಳೆಯ ಪುಸ್ತಕವಿಲ್ಲದೆ ಸಂಜೆ ಅದನ್ನೇ ತೆರೆದು ಹಿಡಿದೆ. ಒಲೆ ಮತ್ತು ಕಹಳೆಯ ಪುಟ ಬಂದದ್ದೇ ತಡ, ಚಾಪೆಯ ಮೇಲೆ ಗದ್ದಲವೋ ಗದ್ದಲ. “ನಮ್ಮ ಮನ್ಯಾಗೂ ಅಪ್ಪನ ಅಡಗಿ ಮಾಡ್ತಾನ್ರಿ, ಕಹಳಿ ಒಂದಿಲ್ಲ!” ಎಂದು ಒಬ್ಬ ಕೂಗಿದ. ಮುದುಕಿ ಮಂಗವೊಂದು ನಾಲ್ಕು ಮರಿಗಳನ್ನು ಕಟ್ಟಿಕೊಂಡು ಕೂತ ಪುಟಕ್ಕೆ ಇನ್ನೊಬ್ಬಳು, “ನಮ್ಮ ಅಜ್ಜಿ! ನಮ್ಮ ಅಜ್ಜಿ!” ಎಂದು ಕುಣಿದಳು. ಮೂಲೆಯಲ್ಲಿದ್ದ ಒಬ್ಬ ಹುಡುಗ ಮಾತ್ರ ಮುಖ ಊದಿಸಿಕೊಂಡು, “ನಮ್ಮನಿ ಇದ್ರಾಗ ಬಂದಿಲ್ಲ. ನಮ್ಮದು ಯಾವಾಗ ಹೊಲಿಸ್ತೀರಿ?” ಎಂದು ಕೇಳಿದ. ಆ ಗದ್ದಲದ ನಡುವೆ ನನ್ನ ಮೊಣಕೈ ಪಕ್ಕದಲ್ಲಿ ಯಾರೋ ಕೂತಂತಾಯಿತು. ತಿರುಗಿ ನೋಡಿದರೆ ಹುಲಿಗೆವ್ವ. ಯಾರೂ ಕರೆದಿರಲಿಲ್ಲ. ನಾನು ಪುಸ್ತಕವನ್ನು ಅವಳ ಕಡೆ ಸ್ವಲ್ಪ ಓರೆ ಮಾಡಿ, ಆನೆ ಬಂತು ಎಂದು ಇನ್ನೊಮ್ಮೆ ಓದಿದೆ.

ಸುಖ ಎಂಟು ದಿನ. ಒಂಬತ್ತನೆಯ ದಿನ ವಾಚನಾಲಯದ ಅಧ್ಯಕ್ಷರು ಪುಸ್ತಕ ತಪಾಸಣೆಗೆ ಬಂದರು. ವಾಮನರಾವ ಗಲಗಲಿ ಮಾಸ್ತರರು. ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ಊರಿನವರು ಅವರನ್ನು ಕಂಡರೆ ಕೈ ಕಟ್ಟಿ ನಿಲ್ಲುತ್ತಿದ್ದರು. ಚೊಕ್ಕ ಸಂಸಾರದ ಪುಸ್ತಕವನ್ನು ತರಿಸಿದವರೂ ಅವರೇ. ಕಹಳೆಯವನನ್ನು ಕನ್ನಡಕ ಹಾಕಿಕೊಂಡೊಮ್ಮೆ, ತೆಗೆದೊಮ್ಮೆ ನೋಡಿದರು.

“ಏನಿದು?”

“ಬೈಂಡಿಂಗಿನಾಗ ಸ್ವಲ್ಪ ಹೆಚ್ಚುಕಡಿಮಿ ಆಗೇದರೀ ಸರ್.”

“ಸ್ವಲ್ಪ? ಗೃಹಸ್ಥರ ಮನ್ಯಾಗ ಸರ್ಕಸ್ ಹೊಕ್ಕದ!” ಎಂದವರು ಹಾಳೆ ಎಣಿಸಿದರು. ಎರಡು ಸಲ ಎಣಿಸಿದರು. ನನ್ನ ಚೀಟಿಯ ಪ್ರಕಾರ ಮೂವತ್ತಾರು, ಪುಸ್ತಕದಲ್ಲಿ ಮೂವತ್ತಮೂರು. ಮಾಸ್ತರರಿಗೆ ಹಳೆಯ ಪುಸ್ತಕಗಳು ಬಾಯಿಪಾಠವಿದ್ದವು. “ಚೊಕ್ಕ ಸಂಸಾರದಾಗಿನ ತಾಯಿ ಎಲ್ಲೆ? ಸರ್ಕಸ್ಸಿನಾಗ ಕೂಸನ್ನ ಎತ್ತಿಕೊಂಡು ತಂತಿ ಮ್ಯಾಲೆ ನಡಿಯೋ ತಾಯಿ ಎಲ್ಲೆ? ಮರಿ ಹೊತ್ತ ಕರಡಿ ಎಲ್ಲೆ? ಸರಿಯಾಗಿ ಮೂರೂ ಪುಸ್ತಕದ ತಾಯಂದಿರು ಮಾಯ!”

ಅಲ್ಲೇ ತೀರ್ಪಾಯಿತು. ಸೋಮವಾರ ಪುಸ್ತಕವನ್ನು ಕತ್ತರಿಸಿ ಮೂರು ಮಾಡಬೇಕು, ಹರಿದರೆ ಹರಿಯಲಿ. ಹಾಳೆ ಕದ್ದವರು ಯಾರೇ ಇರಲಿ, ವಾಚನಾಲಯದ ಹೊಸ್ತಿಲು ಮತ್ತೆ ತುಳಿಯಬಾರದು.

ಸೋಮವಾರ ದಸ್ತಗೀರಸಾಬರು ಚೂರಿಯೊಂದಿಗೆ ಬಂದರು, ಆದರೆ ಅದನ್ನು ಚೀಲದಿಂದ ತೆಗೆಯಲಿಲ್ಲ. “ಹಾಳಿ ನಾ ಕದ್ದಿಲ್ರೀ. ಕೊಟ್ಟಿದ್ದಷ್ಟು ಹೊಲದೇನಿ” ಎಂದರು.

“ಕೊಟ್ಟವರು ಯಾರು?” ಎಂದರು ಮಾಸ್ತರರು.

ಮುದುಕ ನನ್ನನ್ನು ನೋಡಿದರು, ಚಾಪೆಯನ್ನು ನೋಡಿದರು. “ಮೆಟ್ಟಿಲ ಮ್ಯಾಲೆ ಒಂದು ಕೂಸು ಕುಂತಿತ್ರಿ. ಮುಂದಿನದು ಯಾವ್ದವ್ವಾ ಅಂತಿದ್ದೆ, ಆರಿಸಿ ಆರಿಸಿ ಕೊಡ್ತಿತ್ತು. ತಡವರಿಸಲಿಲ್ಲ ಒಮ್ಮೆನೂ. ಬಲ್ಲಾಕಿ ಅಂತ ತಿಳದ್ನಿ.”

ಅಷ್ಟು ಕಷ್ಟಪಟ್ಟು ಒಳಗೆ ಬಂದ ಹುಡುಗಿಯನ್ನು ಇನ್ನು ನಮ್ಮ ಕೈಯಾರೆ ಹೊರಗೆ ಹಾಕಬೇಕು.

ಹೇಳಿ ಕಳಿಸಿದ್ದು ಹುಲಿಗೆವ್ವನಿಗೆ, ಬಂದವರು ಮೂವರು. ಮಧ್ಯಾಹ್ನ ಮದುವೆಯ ಮೆರವಣಿಗೆಗೆ ಹೋಗಬೇಕಿದ್ದ ಕಾಕಾಂದಿರು ಕೆಂಪು ಕೋಟು ತೊಟ್ಟೇ ಬಂದಿದ್ದರು. ಸಣ್ಣ ಕಾಕಾ ಯಮನಪ್ಪನ ಕಂಕುಳಲ್ಲಿ ಕಹಳೆ. ದೊಡ್ಡ ಕಾಕಾ ದುರುಗಪ್ಪ ಬಾಗಿಲಿಗೆ ಅಡ್ಡಡ್ಡ ಹಿಡಿಯುವ ಆಸಾಮಿ. ಅವನ ಬೆನ್ನಿಗೆ ಡೋಲು ಬೇರೆ. ಡೋಲು ಒಳಗೆ ಬರಲಿಲ್ಲ, ಅದನ್ನು ಬಿಚ್ಚಿ ಹೊರಗಿಟ್ಟು ಬಂದ. ಮಾಸ್ತರರು ಪುಸ್ತಕದ ಕಡೆಗೊಮ್ಮೆ, ಅವರ ಕಡೆಗೊಮ್ಮೆ ನೋಡಿದರು.

“ಈ ಹಾಳಿ ಹಿಂಗ್ಯಾಕ ಜೋಡಿಸಿದಿ?”

ಹುಲಿಗೆವ್ವ ಹೆದರಲಿಲ್ಲ. ಇಷ್ಟು ವಯಸ್ಸಾದವರಿಗೆ ಇಷ್ಟೂ ತಿಳಿಯದೇ ಎಂಬಂತೆ ಪುಸ್ತಕ ತೆರೆದು ಬೆರಳಿಟ್ಟಳು. “ಇದು ಒಲಿ. ಇವ ಸಣ್ಣ ಕಾಕಾ, ಒಲಿ ಊದಾಕತ್ತಾನ.”

“ಕಹಳಿಯಿಂದ?”

ಯಮನಪ್ಪ ತಲೆ ತಗ್ಗಿಸಿದ. “ಊದುಗೊಳವಿ ಒಮ್ಮೊಮ್ಮೆ ಸಿಗೂದಿಲ್ರಿ.”

ಹುಲಿಗೆವ್ವ ಪುಟ ತಿರುವಿದಳು. “ಇವ ಡೋಲಿನ ಮ್ಯಾಲೆ ತಲಿ ಇಟ್ಟಾನಲ್ರಿ, ದೊಡ್ಡ ಕಾಕಾ. ಹಂಗ ಮಲಗ್ತಾನ. ಇವರು ಕೊಡಿ ಹಿಡಕೊಂಡು ಬ್ಯಾಂಡ್ ಹೇಳಾಕ ಬಂದಾರ.” ಮಾಸ್ತರರ ಆದರ್ಶ ತಂದೆ ಹೀಗೆ ಬ್ಯಾಂಡಿನ ಗಿರಾಕಿಯಾದ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

“ಅದಿರಲಿ. ತಾಯಂದಿರ ಮೂರು ಹಾಳಿ ಎಲ್ಲಿ ಅವ?”

“ಮನ್ಯಾಗವ.”

“ಯಾಕ ಒಯ್ದಿ?”

“ನಮ್ಮನ್ಯಾಗ ಮೂರು ಮಂದಿಗೂ ಅವ್ವ ಇಲ್ರಿ” ಎಂದಳು ಹುಲಿಗೆವ್ವ. “ನನಗೊಂದು, ಸಣ್ಣ ಕಾಕಾಗೊಂದು. ದೊಡ್ಡ ಕಾಕಾಗ ಕರಡಿ. ಅವಗ ದೊಡ್ಡ ಅವ್ವನ ಬೇಕಲ್ರಿ.”

ದುರುಗಪ್ಪನ ಮೀಸೆ ಅದುರಿತು. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. “ತಪ್ಪಾತ್ರಿ ಮಾಸ್ತರ. ವಾಚನಾಲಯದಾಗ ಕೊಟ್ಟಾರ ಅಂದ್ಲು. ಅಂಟು ಹಚ್ಚಿ ಗ್ವಾಡಿಗೆ ಹಚ್ಚೇನಿ, ನಾ ಮಲಗೋ ಕಡೆ. ಕಿತ್ತರ ಹರೀತಾವ. ಆದ್ರೂ ಹೂಂ ಅನ್ರಿ, ಕಿತ್ತು ತರ್ತೇನಿ.” ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮಾಸ್ತರರು ಪುಸ್ತಕ ಮುಚ್ಚಿ ಬದಿಗಿಟ್ಟರು. ಆಮೇಲೆ, “ಆ ಚೂರಿ ಒಳಗಿಡ್ರಿ” ಎಂದರು. ಚೂರಿ ಹೊರಗೆ ಬಂದೇ ಇರಲಿಲ್ಲ. ನನ್ನಿಂದ ಎರವಲು ಪುಸ್ತಕದ ವಹಿ ತರಿಸಿಕೊಂಡು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ತಾವೇ ಮೂರು ಸಾಲು ಬರೆದರು. ‘ತಾಯಿ, ಒಂದು ಹಾಳೆ. ಪಡೆದವರು: ಹುಲಿಗೆವ್ವ.’ ‘ತಾಯಿ, ಒಂದು ಹಾಳೆ. ಪಡೆದವರು: ಯಮನಪ್ಪ.’ ‘ಕರಡಿ ತಾಯಿ, ಒಂದು ಹಾಳೆ. ಪಡೆದವರು: ದುರುಗಪ್ಪ.’ ಹಿಂತಿರುಗಿಸುವ ದಿನಾಂಕದ ಕಡೆ ಪೆನ್ನು ನಿಂತಿತು.

“ಹದಿನೈದು ದಿನ ಅಂತ ಹಾಕಬೇಕ್ರೀ ಸರ್” ಎಂದೆ. ನಿಯಮ ಅದೇ ಇತ್ತು.

“ನೀ ಸುಮ್ಮನ ಕೂಡವಾ” ಎಂದು ಆ ಜಾಗವನ್ನು ಖಾಲಿ ಬಿಟ್ಟು ವಹಿ ಮುಚ್ಚಿದರು.

ಮೂವರೂ ರುಜು ಹಾಕಿ ಹೋದರು. ದಸ್ತಗೀರಸಾಬರೂ ಚೀಲ ಹೆಗಲಿಗೇರಿಸಿ ಎದ್ದರು. ಮಾಸ್ತರರು ಮಾತ್ರ ಹೊರಡಲಿಲ್ಲ. ಗೋಡೆ ಹಿಡಿದು, ಮೊಣಕಾಲು ಮಡಚಲಾರದೆ ಮಡಚಿ, ಮಕ್ಕಳ ಚಾಪೆಯ ಮೇಲೆ ಕೂತರು. ಕಪಾಟಿನ ಕೆಳಗಿನ ಸಾಲಿನಿಂದ ಅಳಿದುಳಿದ ಪುಸ್ತಕಗಳನ್ನು ಒಂದೊಂದಾಗಿ ಎಳೆದು ತಿರುವತೊಡಗಿದರು.

“ಏನು ಹುಡುಕ್ತೀರಿ ಸರ್?”

“ಇನ್ನೊಂದು ತಾಯಿ ಎಲ್ಲ್ಯರ ಇದ್ದಾಳೇನು ನೋಡ್ತೀನಿ” ಎಂದರು, ತಲೆ ಎತ್ತದೆ. “ನಮ್ಮನ್ಯಾಗ ನಾನೊಬ್ಬನ ಇರಾವ. ಒಂದ ಸಾಕು.”

ಅವರ ಪಕ್ಕದಲ್ಲಿ ಕೂತು ಮೇಲಿನ ಸಾಲಿನ ಪುಸ್ತಕಗಳನ್ನು ನಾನು ತೆಗೆದುಕೊಂಡೆ. ಕೆಳಗಿನ ಸಾಲಿನವನ್ನು ಅವರು ನೋಡುತ್ತಿದ್ದರು.