ತನ್ಮಯಿ ಯುಕೆಜಿಯಲ್ಲೇ ಉಳಿಯಬೇಕೇ?

ಹೊಳೆನರಸೀಪುರದಲ್ಲಿ ನರಸಿಂಹಸ್ವಾಮಿ ದೇವಸ್ಥಾನದ ಹಿಂದಿನ ಬೀದಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಲಕ್ಷ್ಮೀದೇವಮ್ಮನವರು ಜಗಲಿಯ ಮೇಲೆ ಕೂತು ಗೆಜ್ಜೆವಸ್ತ್ರಕ್ಕೆ ಹತ್ತಿ ಹೊಸೆಯುತ್ತಿದ್ದರು. ಅಂದು ಮಕ್ಕಳ ರಿಸಲ್ಟು. ಬೀದಿಯ ಮಕ್ಕಳೆಲ್ಲ ಪಾಸಾದೆವೆಂದು ಮನೆಮನೆಗೆ ಸಕ್ಕರೆ ಹಂಚುತ್ತಿದ್ದವು. ಅಷ್ಟರಲ್ಲಿ ಮೊಮ್ಮಗಳು ತನ್ಮಯಿ ಓಡಿ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಅಜ್ಜಿ, ನಂಗೆ ಮತ್ತೆ ಅದೇ ಕ್ಲಾಸಂತೆ! ಆ ಕುರ್ಚಿ ಚಿಕ್ಕದು ಅಜ್ಜಿ. ಕೂತ್ರೆ ಮಂಡಿ ಮೇಜಿಗೆ ತಾಗತ್ತೆ!"

ಹೇಳಿದವಳು ಉತ್ತರಕ್ಕೆ ನಿಲ್ಲಲಿಲ್ಲ. ಹತ್ತಿಯ ಬುಟ್ಟಿಯನ್ನು ಹಾರಿ, ಒಳಗೆ ಹೋಗಿ, ಹಿತ್ತಿಲ ಬಾಗಿಲಿಂದ ಹೊರಗೆ ಓಡಿದಳು. ಅವಳ ಹಿಂದೆಯೇ ಸೊಸೆ ಶ್ರೀಗೌರಿ, ಕೈಯಲ್ಲಿ ಶಾಲೆಯ ಕಾಗದ ಹಿಡಿದು ಬಂದಳು. ಮುಖ ಬಾಡಿತ್ತು.

ಕಾಗದದಲ್ಲಿ ಹೀಗಿತ್ತು: ಮಗು ಐದು ನಿಮಿಷ ಒಂದು ಕಡೆ ಕೂರುವುದಿಲ್ಲ. ಬರೆಯಲು ಕೊಟ್ಟದ್ದನ್ನು ಮುಗಿಸುವುದಿಲ್ಲ. ಪರೀಕ್ಷೆಯ ಹಾಳೆ ಖಾಲಿ ಬಿಟ್ಟಿದ್ದಾಳೆ. ಆದ್ದರಿಂದ ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ. ತಿಂಗಳ ಕೊನೆಯೊಳಗೆ ಒಪ್ಪಿಗೆಗೆ ಸಹಿ ಮಾಡಿ ಕೊಡಿ.

"ನಾನು ಹೇಳಲಿಲ್ವೇನೇ?" ಎಂದರು ಲಕ್ಷ್ಮೀದೇವಮ್ಮ. "ಬುನಾದಿಯೇ ಸರಿ ಬೀಳಲಿಲ್ಲ ಅಂತ?"

ಆ ಬುನಾದಿಯ ಕಥೆ ಮನೆಯವರಿಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ವಿಜಯದಶಮಿಯ ದಿನ ಮಗುವಿಗೆ ಅಕ್ಷರಾಭ್ಯಾಸ ಮಾಡಿಸಿದ್ದರು. ತಟ್ಟೆಯ ಅಕ್ಕಿಯ ಮೇಲೆ ಬೆರಳು ಹಿಡಿಸಿ ಓಂಕಾರ ಬರೆಸಿದ್ದರು. ನಾಲ್ಕು ದಿನ ಬಿಟ್ಟು ಅರಕಲಗೂಡಿನಿಂದ ಕಾಗದ ಬಂತು. ದಾಯಾದಿಗಳಲ್ಲಿ ಹಿರಿಯರೊಬ್ಬರು ಹಬ್ಬಕ್ಕೆ ಎರಡು ದಿನ ಮುಂಚೆಯೇ ತೀರಿಕೊಂಡಿದ್ದರಂತೆ. ಅಂದರೆ ಸೂತಕದಲ್ಲಿ ಅಕ್ಷರಾಭ್ಯಾಸ ನಡೆದುಹೋಗಿತ್ತು! ಅಂದಿನಿಂದ ಆ ಮುಳ್ಳು ಲಕ್ಷ್ಮೀದೇವಮ್ಮನವರ ಎದೆಯಲ್ಲಿ ಹಾಗೇ ಇತ್ತು. ಮಗು ಹಾಲು ಚೆಲ್ಲಿದರೂ ಅದೇ ಕಾರಣ, ಊಟಕ್ಕೆ ಕೂತಲ್ಲಿಂದ ಎದ್ದೋಡಿದರೂ ಅದೇ ಕಾರಣ.

"ಅಕ್ಷಯ ತದಿಗೆ ದಿನ ಮತ್ತೆ ಅಕ್ಷರಾಭ್ಯಾಸ ಮಾಡಿಸೋಣ. ಯುಕೆಜಿನೂ ಮೊದಲಿಂದ ಕೂರಲಿ. ಎರಡೂ ಒಟ್ಟಿಗೆ ಸರಿಹೋಗತ್ತೆ."

ತಾಲ್ಲೂಕು ಕಚೇರಿಯಿಂದ ಸಂಜೆ ಬಂದ ಮಗ ಮುರಳೀಕೃಷ್ಣ, "ಅಮ್ಮ ಹೇಳಿದ ಹಾಗೇ ಆಗಲಿ" ಎಂದು ಕಾಫಿ ಕುಡಿದ. ಶ್ರೀಗೌರಿ ಮಾತ್ರ ಲೋಟ ತೊಳೆಯುತ್ತ ಮೆಲ್ಲಗೆ ಅಂದಳು: "ಅವಳಿಗೆ ಏನೂ ಬರಲ್ಲ ಅಂತ ನಂಗನ್ನಿಸಲ್ಲ ಅತ್ತೆ."

"ಬರೋದಿದ್ರೆ ಹಾಳೆ ಯಾಕೇ ಖಾಲಿ?"

ಶ್ರೀಗೌರಿ ತೊಳೆದ ಲೋಟವನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು.

ಎರಡು ದಿನ ಕಳೆಯಿತು. ಮಕ್ಕಳ ಗಣತಿಗೆ ನೀಲಗಂಗಮ್ಮ ಬಂದರು. ಹಳೇಕೋಟೆ ಕಡೆಯವರು, ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಒಂದನೇ ಕ್ಲಾಸಿನ ಟೀಚರು. ಬೇಸಿಗೆ ಬಂತೆಂದರೆ ಉದ್ದನೆ ಪುಸ್ತಕ ಕಂಕುಳಲ್ಲಿಟ್ಟು ಮನೆಮನೆ ಸುತ್ತಬೇಕು.

"ಮಗೀಗೆ ಎಷ್ಟು ವರ್ಸ ಅಮ್ಮಾರೇ?"

"ಜೂನಿಗೆ ಆರು ತುಂಬತ್ತೆ ಟೀಚರ್. ಯುಕೆಜಿ ಅಂತಲೇ ಬರ್ಕೊಳ್ಳಿ. ಇನ್ನೊಂದು ವರ್ಷ ಅಲ್ಲೇ."

ನೀಲಗಂಗಮ್ಮನವರ ಪೆನ್ನು ನಿಂತಿತು. "ಯಾಕ್ರಮ್ಮ? ಕಾಯಿಲೆ ಕಸಾಲೆ ಆಗಿತ್ತಾ?"

ಲಕ್ಷ್ಮೀದೇವಮ್ಮ ಎಲ್ಲವನ್ನೂ ಹೇಳಿದರು. ಸೂತಕದ ಮಾತನ್ನು ಸ್ವಲ್ಪ ದನಿ ತಗ್ಗಿಸಿ ಹೇಳಿದರು. ನೀಲಗಂಗಮ್ಮ ನಗಲಿಲ್ಲ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡರು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನಮ್ ಮಗ ಶಿವಕುಮಾರನೂ ಚಿಕ್ಕೋನಾಗಿದ್ದಾಗ ಇಂಗೇ ಇದ್ದ. ಬೆಂಚ್ ಮ್ಯಾಲೆ ಕೂತ್ರೆ ಬೆಂಚೇ ಅಳ್ಳಾಡದು. ನಾನೇ ಟೀಚರು ನೋಡಿ, ನಂಗೇ ಎಲ್ಲಾ ಗೊತ್ತು ಅನ್ನೋ ಜಂಬ. ಒಂದು ವರ್ಸ ಇಂದೆ ಕೂರ್ಸುದ್ರೆ ಬುದ್ಧಿ ಬಲೀತದೆ ಅಂತ ಒಂದನೇ ಕ್ಲಾಸಲ್ಲೇ ಉಳಿಸ್ಕಂಡೆ. ಏನಾಯ್ತು? ಅವನ ತಂಗಿ ಬಂದು ಅದೇ ಕ್ಲಾಸಲ್ಲಿ ಪಕ್ಕದಲ್ಲಿ ಕೂತ್ಲು. ಪಾಠ ಅದೇ, ಪದ್ಯ ಅದೇ, ಬರೆಯೋದೂ ಅದೇ. ಗೊತ್ತಿರೋದನ್ನೇ ಮತ್ತೆ ಹೇಳುದ್ರೆ ಕುಣಿಯೋ ಮಗ ಇನ್ನೂ ಕುಣೀದೆ ಇರ್ತಾನಾ? ವರ್ಸ ಕಳೀತು, ಚಂಚಲ ಅಂಗೇ ಉಳೀತು. ಅದರ ಜೊತೆಗೆ ‘ದಡ್ಡ’ ಅನ್ನೋ ಹೆಸರು ಸೇರ್ಕಂತು. ಏಳನೇ ಕ್ಲಾಸಿಗೆ ಬಂದಮ್ಯಾಲೆ ಹಾಸನದ ಡಾಕ್ಟ್ರು ಇದಕ್ಕೊಂದು ಹೆಸರೈತೆ ಅಂತ ಹೇಳುದ್ರು. ಆರೇಳು ವರ್ಸ ಮಗನ್ನ ಬೈದಿದ್ದೇ ಬಂತು."

"ಅವನಿಗೂ ಅಕ್ಷರಾಭ್ಯಾಸದಲ್ಲಿ ಏನಾದ್ರೂ..."

"ಅಮ್ಮಾರೇ, ನಮ್ಮನೇಲಿ ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಅಂತ ನಮ್ಮ ಹಿರೀಕರ ಮಾತು. ನಾವು ನೋಡೋದೇ ಇಲ್ಲ. ಸೂತಕ ಇಲ್ಲದ ಮನೇಲೂ ಬಂತು, ಸೂತಕ ಇರೋ ಮನೇಲೂ ಬಂತು ಅಂದ್ಮೇಲೆ ಕಾರಣ ಅದಲ್ಲ ತಾನೇ?"

ಲಕ್ಷ್ಮೀದೇವಮ್ಮನವರ ಕೈಯಲ್ಲಿ ಹತ್ತಿಯ ಎಳೆ ಕಡಿಯಿತು. ಅವರು ಸುಲಭಕ್ಕೆ ಸೋಲುವವರಲ್ಲ.

"ಹಾಸನದ ಡಾಕ್ಟ್ರು ಅಂದ್ರೆ ಯಾವ ಡಾಕ್ಟ್ರು? ಮನಸ್ಸಿನ ಡಾಕ್ಟ್ರಾ? ಹೆಣ್ಣುಮಗು ಟೀಚರ್! ಹುಚ್ಚಾಸ್ಪತ್ರೆ ಮೆಟ್ಟಿಲು ಹತ್ತಿದಳು ಅಂತ ಬೀದೀಲಿ ಆಡ್ಕೊಂಡ್ರೆ ನಾಳೆ ಯಾರು ಕೈಹಿಡೀತಾರೆ?"

"ಆರು ವರ್ಸದ ಮಗೀಗೆ ಈಗ್ಲೇ ಗಂಡು ಹುಡುಕ್ತೀರಾ? ಮೊದ್ಲು ಒಂದನೇ ಕ್ಲಾಸು ಹುಡುಕಿ ಕೊಡ್ರಮ್ಮ!"

ಒಳಗೆ ಶ್ರೀಗೌರಿ ಕಿಸಕ್ಕನೆ ನಕ್ಕದ್ದು ಜಗಲಿಗೆ ಕೇಳಿಸಿತು. ಲಕ್ಷ್ಮೀದೇವಮ್ಮನವರಿಗೂ ನಗು ಬಂತು, ಬಂದದ್ದನ್ನು ನುಂಗಿಕೊಂಡರು. ಆ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತರು. ತಿಳಿಯದೆ ಮಾಡಿದ ತಪ್ಪಿಗೆ ಹಸುಗೂಸಿನ ಮೇಲೆ ಕೋಪ ತೀರಿಸಿಕೊಳ್ಳುವವನು ದೇವರೇ? ಹಾಗೆ ನಂಬಿ ಎರಡು ವರ್ಷದಿಂದ ಅವನನ್ನೇ ದೂರುತ್ತ ಬಂದೆನಲ್ಲ! ಎದ್ದು ಹೊರಗೆ ಬಂದವರು ಮಗನಿಗೆ ಹೇಳಿದರು:

"ಸೋಮವಾರ ರಜ ಹಾಕು. ಹಾಸನಕ್ಕೆ ಹೋಗೋಣ. ಸಹಿ ಆಮೇಲೆ."

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮೊದಲು ಮಗುವಿನ ಕಿವಿ, ಕಣ್ಣು ನೋಡಿಸಿದರು. ಎರಡೂ ಚೆನ್ನಾಗಿದ್ದವು. ಆಮೇಲೆ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಅವರು ಹೆಂಗಸು, ನಿಧಾನದ ಮಾತಿನವರು. ಶಾಲೆಯಲ್ಲಿ ಹೇಗಿರುತ್ತಾಳೆ, ಮನೆಯಲ್ಲಿ ಹೇಗೆ, ನಿದ್ದೆ ಹೇಗೆ, ಯಾವಾಗಿನಿಂದ ಹೀಗೆ ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಶಾಲೆಯ ಟೀಚರು ತುಂಬಿಕೊಡಲೆಂದು ಒಂದು ಫಾರಂ ಕೊಟ್ಟರು. ಅಷ್ಟು ಹೊತ್ತೂ ತನ್ಮಯಿ ನೆಲದ ಚೌಕಗಳ ಮೇಲೆ ಕುಪ್ಪಳಿಸುತ್ತಲೇ ಇದ್ದಳು.

"ಹಾಳೆ ಖಾಲಿ ಬಿಟ್ಟಿದ್ದಾಳೆ ಡಾಕ್ಟ್ರೇ. ಒಂದಕ್ಷರ ಬರಲ್ಲ ಅವಳಿಗೆ" ಎಂದರು ಲಕ್ಷ್ಮೀದೇವಮ್ಮ.

ಡಾಕ್ಟರು ಮಗುವನ್ನು ಕೂರು ಎನ್ನಲಿಲ್ಲ. "ಪುಟ್ಟಿ, ನಿಮ್ಮಜ್ಜಿ ಹೆಸರೇನು? ಒಂದು ಚೌಕಕ್ಕೆ ಒಂದೇ ಅಕ್ಷರ ಹೇಳಿ ಹಾರಬೇಕು. ಆಗತ್ತಾ?"

"ಓ, ಆಗತ್ತೆ! ಲ... ಕ್ಷ್ಮೀ... ದೇ... ವ... ಮ್ಮ. ಐದು!" ಅಷ್ಟಕ್ಕೇ ಬಿಡಲಿಲ್ಲ. "ಅಮ್ಮಂಗೆ ಮೂರೇ. ಶ್ರೀ... ಗೌ... ರಿ. ಅಜ್ಜಿಗೆ ಎರಡು ಜಾಸ್ತಿ!"

ಡಾಕ್ಟರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಕುಪ್ಪಳಿಸುತ್ತಲೇ ಅದರಲ್ಲಿನ ಅಕ್ಷರಗಳನ್ನು ಮಗು ಒಂದೊಂದಾಗಿ ಓದಿದಳು. ಎರಡು ಒತ್ತಕ್ಷರ ತಪ್ಪಿತು, ಅಷ್ಟೇ.

ಲಕ್ಷ್ಮೀದೇವಮ್ಮ ಬಾಯಿಗೆ ಸೆರಗು ಹಿಡಿದರು. ಈ ಮಗುವಿಗೆ ಅಕ್ಷರ ಬರಲ್ಲವೆಂದು ಬೀದಿಗೆಲ್ಲ ಹೇಳಿಕೊಂಡು ಬಂದದ್ದು ತಾವೇ.

ಶಾಲೆಯ ಫಾರಂ ತುಂಬಿಸಿಕೊಂಡು ಎರಡನೇ ಸಲ ಹೋದಾಗ ಡಾಕ್ಟರು ವಿವರವಾಗಿ ಹೇಳಿದರು. "ಇದಕ್ಕೆ ಎಡಿಎಚ್‌ಡಿ ಅಂತಾರೆ. ಗಮನ ಒಂದು ಕಡೆ ನಿಲ್ಲೋದು ಕಷ್ಟ, ಚಟುವಟಿಕೆ ಅತಿ. ಇದು ಹಟ ಅಲ್ಲ, ಕೊಬ್ಬಲ್ಲ, ಹುಚ್ಚಂತೂ ಅಲ್ಲ. ನೀವು ಮುದ್ದು ಮಾಡಿದ್ದರಿಂದಲೋ ಯಾವುದೋ ದೋಷದಿಂದಲೋ ಬಂದಿದ್ದಲ್ಲ. ಕೆಲವು ಮಕ್ಕಳ ಮೆದುಳು ಬೆಳೆಯೋ ರೀತಿಯೇ ಹಾಗೆ."

"ಹಾಗಾದ್ರೆ ಇನ್ನೊಂದು ವರ್ಷ ಯುಕೆಜಿ?" ಎಂದ ಮುರಳೀಕೃಷ್ಣ.

"ಮಗು ಕಲಿತಿಲ್ಲ ಅನ್ನೋದು ಬೇರೆ, ಕಲಿತಿದ್ದನ್ನ ಕೂತು ತೋರಿಸೋಕೆ ಆಗಲ್ಲ ಅನ್ನೋದು ಬೇರೆ. ಮಾತು, ಎಣಿಕೆ, ಅಕ್ಷರ ಎಲ್ಲದರಲ್ಲೂ ತುಂಬ ಹಿಂದಿರೋ ಮಗುವಿನ ಬಗ್ಗೆ ಬೇರೆ ಥರ ಯೋಚಿಸಬೇಕಾಗಬಹುದು. ನಿಮ್ಮ ಮಗು ಅಂಥದ್ದಲ್ಲ. ಒಂದು ವರ್ಷ ಹಿಂದೆ ಕೂರಿಸಿದ ಮಾತ್ರಕ್ಕೆ ಗಮನ ನಿಲ್ಲಲ್ಲ. ಅವಳಿಗೆ ಬೇಕಾಗಿರೋದು ಸಹಾಯ. ಅದನ್ನ ಒಂದನೇ ಕ್ಲಾಸಲ್ಲೂ ಕೊಡಬಹುದಲ್ಲ?"

"ಔಷಧಿ?"

"ಈ ವಯಸ್ಸಿಗೆ ಮೊದಲು ಮನೆ ಕ್ರಮ, ಶಾಲೆ ಕ್ರಮ. ಆಮೇಲೂ ಕಷ್ಟ ಆದ್ರೆ ಔಷಧಿ ವಿಚಾರ ಮಾತಾಡೋಣ. ನಿಮ್ಮಷ್ಟಕ್ಕೆ ನೀವೇ ಏನೂ ಕೊಡಬೇಡಿ." ಆಮೇಲೆ ಅಜ್ಜಿಯ ಕಡೆ ತಿರುಗಿದರು. "ಮಗು ಶಾಲೆಯಿಂದ ಬಂದಾಗ ನೀವು ಏನು ಹೇಳ್ತೀರಿ?"

"ಏನು ಹೇಳ್ತೀನಿ? ಬ್ಯಾಗಿಡು, ಕೈಕಾಲು ತೊಳಿ, ಬಟ್ಟೆ ಬದಲಾಯಿಸು, ದೇವರಿಗೆ ನಮಸ್ಕಾರ ಮಾಡು, ಹಾಲು ಕುಡಿದು ಬರೆಯೋಕೆ ಕೂತ್ಕೋ ಅಂತೀನಿ."

"ಒಂದೇ ಉಸಿರಿಗೆ ಆರು ಕೆಲಸ!" ಡಾಕ್ಟರು ನಕ್ಕರು. "ಒಂದೊಂದೇ ಹೇಳಿ ಅಮ್ಮ. ಅದು ಮುಗಿದ ಮೇಲೆ ಇನ್ನೊಂದು. ಮುಗಿಸಿದ ತಕ್ಷಣ ಒಳ್ಳೇ ಮಾತಾಡಿ. ಬರವಣಿಗೆ ಐದೇ ನಿಮಿಷ, ಮಧ್ಯೆ ಎದ್ದು ಓಡಾಡಲಿ. ಮತ್ತೆ ಐದು ನಿಮಿಷ."

ತಿಂಗಳ ಕೊನೆಯ ದಿನ ಶಾಲೆಗೆ ಹೊರಟವರು ಲಕ್ಷ್ಮೀದೇವಮ್ಮ. ಜೊತೆಗೆ ಶ್ರೀಗೌರಿ. ಡಾಕ್ಟರು ಬರೆದುಕೊಟ್ಟ ಕಾಗದ ಅಜ್ಜಿಯ ಕೈಚೀಲದಲ್ಲಿತ್ತು.

ಹೆಡ್ಮಿಸ್ಸು ಓದಿದರು. ಕನ್ನಡಕ ತೆಗೆದರು. "ಒಂದು ಕ್ಲಾಸಲ್ಲಿ ನಲವತ್ತೆರಡು ಮಕ್ಕಳು ಅಮ್ಮ. ಒಬ್ಬಳನ್ನೇ ನೋಡ್ಕೊಂಡು ಕೂರೋಕಾಗತ್ತಾ?"

"ಆಗಲ್ಲ. ನಂಗೂ ಗೊತ್ತು" ಎಂದರು ಲಕ್ಷ್ಮೀದೇವಮ್ಮ. "ಮುಂದಿನ ಸಾಲಲ್ಲಿ ಕೂರಿಸಿ. ಸೀಮೆಸುಣ್ಣ ತಾ, ಪುಸ್ತಕ ಹಂಚು ಅಂತ ಏಳೋ ಕೆಲಸ ಕೊಡಿ. ಹತ್ತು ಸಾಲಿನ ಬದಲು ಐದು ಸಾಲು ಬರೆಸಿ, ಉಳಿದ ಐದು ಮನೇಲಿ ನಾನು ಬರೆಸ್ತೀನಿ. ದಿನಾ ಒಂದು ಚೀಟಿ ಬರೆದು ಕಳಿಸಿ, ದಿನಾ ಉತ್ತರ ಬರೆದು ಕಳಿಸ್ತೀನಿ."

"ಹಿಂದೆ ಉಳಿಯೋದು ಅವಳ ಒಳ್ಳೇದಕ್ಕೇ ಅಂತ ನಾವು..."

"ನಾನೂ ಹಾಗೇ ತಿಳ್ಕೊಂಡಿದ್ದೆ ಮಿಸ್. ನಿಮಗಿಂತ ಗಟ್ಟಿಯಾಗಿ ತಿಳ್ಕೊಂಡಿದ್ದೆ. ತಪ್ಪಾಗಿತ್ತು."

ಹೆಡ್ಮಿಸ್ಸು ಕಾಗದವನ್ನು ಮತ್ತೊಮ್ಮೆ ಓದಿದರು. "ಒಂದನೇ ಕ್ಲಾಸಲ್ಲಿ ಕೂರಿಸಿ ದಸರಾ ರಜದವರೆಗೆ ನೋಡೋಣ. ಆಗಲೂ ಆಗದಿದ್ರೆ?"

"ಆಗದಿದ್ರೆ ಮತ್ತೆ ಇಲ್ಲೇ ಬಂದು ಕೂರ್ತೀನಿ. ಏನು ಬದಲಾಯಿಸಬೇಕೋ ಕೂತು ಯೋಚಿಸೋಣ. ಹಿಂದಕ್ಕೆ ಕಳಿಸೋ ಮಾತು ಮಾತ್ರ ಬೇಡ."

ಮನೆಗೆ ಬಂದ ಮೇಲೆ ಮುರಳೀಕೃಷ್ಣ, "ಅಕ್ಷಯ ತದಿಗೆಗೆ ಪುರೋಹಿತರಿಗೆ ಹೇಳಲಾ ಅಮ್ಮ?" ಎಂದ.

"ಬೇಡ. ಒಳಗೆ ಬಂದು ಕೂತಿರೋ ಸರಸ್ವತೀನ ಹೊರಗೆ ನಿಲ್ಲಿಸಿ ಮತ್ತೆ ಕರೀತಾರೇನೋ?"

ಜೂನ್, ಜುಲೈ ಸುಲಭದ ತಿಂಗಳುಗಳಾಗಿರಲಿಲ್ಲ. ‘ಇಂದು ಮೂರು ಸಾಲು’ ಎಂದು ಚೀಟಿ ಬರುತ್ತಿತ್ತು. ಕೆಲವು ದಿನ ‘ಇಂದು ಏನೂ ಇಲ್ಲ, ನೀರಿನ ಬಾಟಲಿ ಒಡೆದಳು’ ಎಂದು ಬರುತ್ತಿತ್ತು. ಅಂಥ ದಿನ ಲಕ್ಷ್ಮೀದೇವಮ್ಮನವರ ನಾಲಿಗೆ ತುದಿಗೆ ಬೈಗುಳ ಬರುತ್ತಿತ್ತು. ಕೆಲವೊಮ್ಮೆ ಬೈದೂಬಿಟ್ಟರು. ಆಮೇಲೆ ಮಗುವನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಒಂದೊಂದೇ ಕೆಲಸ ಹೇಳಿದರು. ಮುರಳೀಕೃಷ್ಣ ಕಚೇರಿಯಿಂದ ಬಂದವನೇ ಮಗಳ ಜೊತೆ ಹೊಳೆ ದಂಡೆಯವರೆಗೆ ಓಡುವುದೆಂದು ನಿಶ್ಚಯ ಮಾಡಿದ. ಓಡಿ ಬಂದ ಮೇಲೆ ಅವಳು ಹೆಚ್ಚು ಹೊತ್ತು ಕೂರುತ್ತಾಳೆಂದು ಶ್ರೀಗೌರಿ ಕಂಡುಹಿಡಿದಳು. ನೀಲಗಂಗಮ್ಮ ಭಾನುವಾರ ಬಂದು, "ಏನಮ್ಮೀ ಗುಬ್ಬಿ, ಎಲ್ಲಿಗಂಟ ಬಂತು ಪಾಠ?" ಎಂದು ಕೇಳಿ ಹೋಗುತ್ತಿದ್ದರು.

ದಸರಾ ರಜಕ್ಕೆ ಹಿಂದಿನ ದಿನ ಹೆಡ್ಮಿಸ್ಸು ಕರೆಸಿದರು. ಲಕ್ಷ್ಮೀದೇವಮ್ಮ ಮನಸ್ಸಿನಲ್ಲೇ ನರಸಿಂಹಸ್ವಾಮಿಯನ್ನು ನೆನೆದು ಹೋಗಿ ಕೂತರು.

"ಇನ್ನೂ ಬೆಂಚಿಂದ ಏಳ್ತಾಳೆ ಅಮ್ಮ" ಎಂದರು ಹೆಡ್ಮಿಸ್ಸು. "ಬರವಣಿಗೆ ಸೊಟ್ಟ. ಆದ್ರೆ ಹನ್ನೆರಡು ನಿಮಿಷ ಕೂರ್ತಾಳೆ, ನಾನೇ ಗಡಿಯಾರ ನೋಡಿದೆ. ಲೆಕ್ಕದಲ್ಲಿ ಕ್ಲಾಸಿಗೆ ಮೂರನೆಯವಳು. ಇವಳನ್ನ ಇನ್ನೆಲ್ಲಿಗೂ ಕಳಿಸಲ್ಲ. ಒಂದನೇ ಕ್ಲಾಸಲ್ಲೇ ಇರ್ತಾಳೆ."

ಲಕ್ಷ್ಮೀದೇವಮ್ಮ ಕೈ ಮುಗಿದರು. ಕಣ್ಣೊರೆಸಿಕೊಂಡು, "ಹದಿನೈದು ನಿಮಿಷ ಮಾಡ್ಸೋಣ ಮಿಸ್. ಮಾಡೇ ಮಾಡ್ತಾಳೆ" ಎಂದರು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ದೇವರು ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಒತ್ತಿ ಕಳಿಸಿಲ್ಲ. ನಿಮ್ಮ ಮನೆಯಲ್ಲೂ ಒಂದು ಕಡೆ ನಿಲ್ಲದ, ಹೇಳಿದ್ದನ್ನು ಅರ್ಧಕ್ಕೇ ಮರೆಯುವ ಮಗು ಇರಬಹುದು. ಓಡುವ ಮಕ್ಕಳೆಲ್ಲರಿಗೂ ಈ ತೊಂದರೆ ಇರುವುದಿಲ್ಲ. ಆದರೆ ಮನೆಯಲ್ಲೂ ಶಾಲೆಯಲ್ಲೂ ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ಇದ್ದು ಕಲಿಕೆಗೆ ಅಡ್ಡಿಯಾಗುತ್ತಿದ್ದರೆ ಬೈದು ಹೊಡೆದು ಕಾಲ ಕಳೆಯಬೇಡಿ. ಕಿವಿ, ಕಣ್ಣು ನೋಡಿಸಿ. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರನ್ನು ಕೇಳಿ. ಹಿಂದಿನ ತರಗತಿಯಲ್ಲೇ ಕೂರಿಸಿ ಎಂದು ಶಾಲೆಯವರು ಹೇಳಿದರೆ ಜಗಳಕ್ಕೆ ಹೋಗಬೇಡಿ, ಕೂಡಲೇ ಸಹಿಯನ್ನೂ ಹಾಕಬೇಡಿ. "ನನ್ನ ಮಗುವಿಗೆ ಏನು ಬರುತ್ತೆ? ಏನು ಬರಲ್ಲ? ಮುಂದಿನ ವರ್ಷ ನೀವು ಬೇರೆ ಏನು ಮಾಡ್ತೀರಿ?" ಎಂದು ಮೊದಲು ಕೇಳಿ. ಬೇರೆ ಏನೂ ಮಾಡದೆ ಅದೇ ವರ್ಷವನ್ನು ಎರಡು ಸಲ ಕೊಟ್ಟರೆ ಮಗುವಿನ ಬಾಳಿನಲ್ಲಿ ಒಂದು ವರ್ಷ ಕಡಿಮೆಯಾಗುತ್ತದೆ, ಅಷ್ಟೇ. ಆ ವರ್ಷ ನಿಮ್ಮದಲ್ಲ, ಶಾಲೆಯದೂ ಅಲ್ಲ, ಮಗುವಿನದು. ಅದನ್ನು ಕಾಯುವುದು ನಿಮ್ಮ ಕೈಯಲ್ಲಿದೆ.