ಬೆಂಕಿ ಬಿದ್ದರೂ ಸಹಿ

ಆಣೆ ಮಾಡಿ ಹೇಳುತ್ತೇನೆ, ಇದು ಉಪ್ಪು ಖಾರ ಹಚ್ಚದ ನಿಜ ಕತೆ. ಹಚ್ಚಿದ್ದರೂ ಒಂದೇ ಚಿಟಿಕೆ.

ಕಾಲೇಜು ಮುಗಿಸಿದ ಹೊಸತರಲ್ಲಿ ನಾನು ಆರು ಮಹಡಿಯ ಕಚೇರಿ ಕಟ್ಟಡದಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದೆ. ನಮ್ಮ ಹೆಡ್ ಗಾರ್ಡನ್ನು ಎಲ್ಲರೂ ‘ಸಹಿ ಮಾವ’ ಎನ್ನುತ್ತಿದ್ದರು. ಬರುವಾಗೊಮ್ಮೆ, ಹೋಗುವಾಗೊಮ್ಮೆ ರಿಜಿಸ್ಟರಿನಲ್ಲಿ ಸಹಿ ಬೀಳದೆ ಅವರ ಗೇಟು ದಾಟುವಂತಿರಲಿಲ್ಲ. ದಾರ ಕಟ್ಟಿದ ಆ ಪೆನ್ನು, ಅಂಚು ಸುರುಟಿದ ಆ ಪುಟಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಇಪ್ಪತ್ತು ವರ್ಷದಲ್ಲಿ ಅವರಿಗೆ ಏಜೆನ್ಸಿ ಕೊಟ್ಟ ತರಬೇತಿ ಎಂದರೆ ಒಂದು ಸೀಟಿ.

ಒಮ್ಮೆ, ಮುಂದಿನ ಸೋಮವಾರ ಅಗ್ನಿಶಾಮಕ ಅಧಿಕಾರಿ ಬಂದು ಬೆಂಕಿ ತಾಲೀಮು ನಡೆಸುವುದಿತ್ತು. “ತಪ್ಪಾದ್ರೆ ನಿಮ್ಮ ಜಾಗಕ್ಕೆ ಬೇರೆಯವರು,” ಎಂದು ಮ್ಯಾನೇಜರ್ ಮೂಗಿನಲ್ಲೇ ಹೇಳಿಹೋಗಿದ್ದರು. ಮಾವನ ನಿವೃತ್ತಿಗೆ ಎರಡೇ ವರ್ಷ ಬಾಕಿ.

“ಬೆಂಕಿನೂ ನನ್ನ ಕೇಳ್ಕೊಂಡೇ ಒಳಗೆ ಬರ್ಬೇಕು ಕಣೋ,” ಎಂದು ಮಾವ ಮೀಸೆ ತಿರುವಿದರು.

ಮಿಮಿಕ್ರಿ ನನ್ನ ಹಳೆಯ ಚಟ. ಶುಕ್ರವಾರ ಮಧ್ಯಾಹ್ನ ಒಳಗಿನಿಂದ ಗೇಟಿನ ಇಂಟರ್‌ಕಾಮಿಗೆ ಕರೆ ಮಾಡಿ, ಮ್ಯಾನೇಜರರ ಅದೇ ಮೂಗಿನ ದನಿಯಲ್ಲಿ ಅರಚಿದೆ: “ನಾಲ್ಕನೇ ಮಹಡೀಲಿ ಬೆಂಕಿ! ಎಲ್ರನ್ನೂ ಹೊರಗೆ ಕಳ್ಸಿ!”

ಸೀಟಿ ಮೊಳಗಿತು. ಜನ ದಡದಡನೆ ಮೆಟ್ಟಿಲಿಳಿದರು. ನಾನೂ ಓಡಿ ಬಂದು ನೋಡಿದರೆ, ಗೇಟಿನಲ್ಲಿ ನೂರು ಜನರ ಸಾಲು! ಮಾವ ಮೇಜು ಅಡ್ಡ ಇಟ್ಟು ಕೂತಿದ್ದಾರೆ.

“ಸಹಿ ಹಾಕಿ. ಟೈಮ್ ಬರೀರಿ. ಬ್ಯಾಗ್ ತೋರ್ಸಿ.”

“ಅಯ್ಯೋ ಮಾವ, ಬೆಂಕಿ!” ಎಂದರು ಟೈಪಿಸ್ಟಮ್ಮ.

“ಹಾಗಂತಲೇ ಬರೀರಮ್ಮ, ಕಾರಣದ ಕಾಲಮ್ಮು ಖಾಲಿ ಇದೆಯಲ್ಲ!”

ಸಾಲಿಗೆ ಸಾಲೇ ನಕ್ಕಿತು. ನಾನು ತಪ್ಪೊಪ್ಪಿಕೊಂಡೆ. ಮಾವ ಬೈಯಲಿಲ್ಲ, ಪೆನ್ನು ಕೆಳಗಿಟ್ಟರು.

“ನಿಜವಾಗಿದ್ದಿದ್ರೆ, ಇಷ್ಟೂ ಜನರನ್ನ ನಾನೇ ತಡೆದು ಕೊಲ್ತಿದ್ದೆ ಅಲ್ವೇನೋ?”

ನನ್ನ ನಗು ಅಲ್ಲೇ ಉಡುಗಿತು. ಶನಿವಾರವಿಡೀ ಇಬ್ಬರೂ ಮೆಟ್ಟಿಲು ಹತ್ತಿಳಿದು ಅಭ್ಯಾಸ ಮಾಡಿದೆವು.

ಸೋಮವಾರ ಸೈರನ್ ಕೂಗಿದ್ದೇ ತಡ, ಗೇಟು ಹಾರುಹೊಡೆದಿತ್ತು. ಮೇಜು ಮೂಲೆ ಸೇರಿತ್ತು. ಮಾವ ಬಯಲಲ್ಲಿ ನಿಂತು, ಬೆಳಗಿನ ಸಹಿ ನೋಡಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು.

“ಟೈಪಿಸ್ಟಮ್ಮ ಇಲ್ಲ! ಒಳಗೆ ಬಂದಿದಾರೆ, ಹೊರಗೆ ಬಂದಿಲ್ಲ!”

ದಾಖಲೆ ಕೋಣೆಯಲ್ಲಿ ಸೈರನ್ ಕೇಳಿಸದೆ ಕೂತಿದ್ದವರನ್ನು ನಾನೇ ಕರೆತಂದೆ. ಅಧಿಕಾರಿ ಬೆರಗಾದರು. “ಯಾರ್ರೀ ಕಲಿಸಿದ್ದು?”

ಮಾವ ನನ್ನತ್ತ ಕೈ ತೋರಿಸಿದರು. “ಈ ಮ್ಯಾನೇಜರ್ ಸಾಹೇಬ್ರು!”

ಕೆಲಸ ಉಳಿಯಿತು. ಆ ಗೇಟಿನಲ್ಲೀಗ ಹೆಬ್ಬೆರಳೊತ್ತುವ ಯಂತ್ರವಿದೆ. ಮೊನ್ನೆ ಮಾವನಿಗೆ ಫೋನ್ ಮಾಡಿ ಮೂಗಿನಲ್ಲೇ ಅರಚಿದೆ: “ನಾಲ್ಕನೇ ಮಹಡೀಲಿ ಬೆಂಕಿ!”

“ಕಾರಣದ ಕಾಲಮ್ಮಲ್ಲಿ ಬರ್ಕೊಳ್ಳಲಾ ಸಾರ್?” ಎಂದವರೇ ಎಂಥಾ ನಗು ನಕ್ಕರೆಂದರೆ, ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.