ಕುದುರೆಯ ತುಟಿ

ಕೂತಪೆರುಮಾಳನ ಎರಡೂ ಕೈ ಕುದುರೆಯ ಬಾಯಲ್ಲಿದ್ದವು. ಅಂಗಳದಲ್ಲಿ ಅವನ ಅಪ್ಪನ ಹೆಣಕ್ಕೆ ಸ್ನಾನ ಮಾಡಿಸಲು ನೀರು ತಂದಾಗಿತ್ತು. ತಮಟೆಗಳು ಬೆಂಕಿಗೆ ಕಾದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅವನು ಮಾತ್ರ ಹಿತ್ತಿಲ ಗರಿಚಪ್ಪರದ ಕೆಳಗೆ ಏಣಿಯ ಮೇಲೆ ನಿಂತು, ಎರಡಾಳೆತ್ತರದ ಹಸಿಮಣ್ಣಿನ ಕುದುರೆಯ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆಯುತ್ತಿದ್ದ.

"ತಮ್ಮಾ ಕೂತಾ! ನಿಮ್ಮಪ್ಪ ಅಲ್ಲಿ ಕಾಯ್ತಾ ಮಲಗಿದಾನೆ, ನೀನಿಲ್ಲಿ ಕುದುರೆಗೆ ಹಲ್ಲುಜ್ಜಿಸ್ತಿದೀಯಾ?" ತಮಟೆಯ ಸೋಣೈ ಕೆಳಗಿನಿಂದ ಕೂಗಿದ.

"ಸ್ವಲ್ಪ ತಡಿ ಸೋಣೈಯಣ್ಣಾ. ಎಡಗಡೆ ಇನ್ನೂ ನಗ್ತಾ ಇದೆ."

"ನಿಮ್ಮಪ್ಪನೂ ವರ್ಷವಿಡೀ ಇದೇ ಮಾತು ಹೇಳ್ದ."

ಕೂತಪೆರುಮಾಳನ ಆತುರಕ್ಕೆ ಕಾರಣವಿತ್ತು. ಚಿತೆಗೆ ಕೊಳ್ಳಿ ಇಟ್ಟ ಗಳಿಗೆಯಿಂದ ಸೂತಕ. ಹದಿನಾರನೆಯ ದಿನದ ಕರ್ಮ ಮುಗಿಯುವ ತನಕ ಈ ಕುಂಬಾರ ವೇಳಾರರ ಮನೆಯವರು ಊರು ಕಾಯುವ ಅಯ್ಯನಾರ್ ಸ್ವಾಮಿಗೆ ಸೇರಿದ ಹಿಡಿ ಮಣ್ಣನ್ನೂ ಮುಟ್ಟುವಂತಿಲ್ಲ. ಊರ ಹಿರಿಯ ವೈರವ ಅಂಬಲಂ ಬೆಳಿಗ್ಗೆಯೇ ಬಂದು ಹೇಳಿಹೋಗಿದ್ದ: ಅರೆಬರೆ ಕುದುರೆಯನ್ನು ಸ್ವಾಮಿಗೆ ಒಪ್ಪಿಸುವಂತಿಲ್ಲ, ಕೆಲಸ ಮುಗಿದಿಲ್ಲವಾದರೆ ಒಡೆದು, ಮಣ್ಣನ್ನು ಕೆರೆಗೆ ಹಾಕಿ, ಬೇರೆ ಊರಿನ ಕುಂಬಾರರಿಗೆ ಹೇಳಬೇಕು.

*

ಸತ್ತ ಸೇವುಗ ವೇಳಾರ್‌ನದು ಹೆಸರಾಂತ ಕೈಯಲ್ಲ. ಸಾರಿನ ಗಡಿಗೆ, ನೀರಿನ ಕೊಡ, ಕಾರ್ತಿಕದ ಹಣತೆ, ಇಷ್ಟೇ. ತಿಗರಿಯಿಂದ ಇಳಿಸಿದ ಗಡಿಗೆಯ ಮುಖವನ್ನು ಎರಡನೆಯ ಸಲ ನೋಡಿದವನಲ್ಲ. ಓರೆಯಾಗಿದೆ ಎಂದು ಯಾರಾದರೂ ಅಂದರೆ, "ಅನ್ನ ಒಳಗಿರತ್ತೆ, ಹೊರಗಲ್ಲ" ಎಂದು ನಗುತ್ತಿದ್ದ. ಸ್ವಾಮಿಯ ಕುದುರೆ ಮಾಡುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಆ ಕೆಲಸ ಮೊದಲ ಸಲ ಇವನ ಪಾಲಿಗೆ ಬಂತು.

ಕಾಲು, ಹೊಟ್ಟೆ, ಕುತ್ತಿಗೆ ಸಲೀಸಾಗಿ ಎದ್ದವು. ಮುಖಕ್ಕೆ ಬಂದಾಗ ಕೈ ನಿಂತಿತು. ಒಣಗಲು ಬಿಟ್ಟ ಮಾರನೆಯ ಬೆಳಿಗ್ಗೆಯೇ, "ಅರಸಾಯಿ, ನೀರು!" ಎಂಬ ಕೂಗು. ಹೆಂಡತಿ ಕೆರೆಯಿಂದ ನೀರು ಹೊತ್ತು ತಂದು, ಗೋಣಿ ನೆನೆಸಿ ಕುದುರೆಗೆ ಹೊದಿಸಬೇಕು. ಮಣ್ಣು ಮತ್ತೆ ಮೆತ್ತಗಾಗಬೇಕು, ಅವನು ಮತ್ತೆ ತುಟಿ ತಿದ್ದಬೇಕು. ಒಂದು ಪಂಗುನಿ ತಿಂಗಳು ಹೋಗಿ ಇನ್ನೊಂದು ಪಂಗುನಿ ಬಂತು.

ರಾತ್ರಿ ಊರ ಗಡಿ ಸುತ್ತಿ ಕಾಯುವ ದೇವರ ಹಳೆಯ ಕುದುರೆ ಬಿರುಕು ಬಿಟ್ಟಿತ್ತು, ಹೊಸದು ಬಂದಿರಲಿಲ್ಲ. "ಸ್ವಾಮಿ ನಡ್ಕೊಂಡೇ ಕಾವಲು ತಿರುಗ್ತಿದಾನೆ ಕಣಯ್ಯಾ, ಅಂಗಾಲು ಸವೆದುಹೋಯ್ತು" ಎಂದು ಅಂಬಲಂ ಬಂದಾಗಲೆಲ್ಲ ಚುಚ್ಚುತ್ತಿದ್ದ.

ಒಂದು ದಿನ ಅರಸಾಯಿ ಕೊಡ ಕುಕ್ಕಿದಳು. "ಗಡಿಗೆ ಮಾಡುವಾಗ ಇಲ್ಲದ ನಾಜೂಕು ಇದಕ್ಯಾಕೆ?"

"ಗಡಿಗೆ ಮನುಷ್ಯರದು, ಸಹಿಸ್ಕೋತಾರೆ. ಇದರ ಮೇಲೆ ಅವನು ಕೂರ್ತಾನೆ ಕಣೇ. ಕುದುರೆ ಹೀಗೆ ನಗ್ತಾ ನಿಂತ್ರೆ ಯಾವ ಕಳ್ಳ ಹೆದರ್ತಾನೆ?"

"ನಗಬಾರದು ಅಂತ ಅವನು ನಿಂಗೆ ಹೇಳಿದ್ನಾ?"

ಅವನು ಮತ್ತೆ ಏಣಿ ಹತ್ತಿದ.

*

"ಆತ್ತಾ, ನೀರು!" ಏಣಿಯ ಮೇಲಿಂದ ಮಗ ತಾಯಿಯನ್ನು ಕೂಗಿದ.

ಕೂದಲು ಬಿಚ್ಚಿಹಾಕಿಕೊಂಡು ಹೆಣದ ತಲೆಯ ಬಳಿ ಕೂತಿದ್ದ ಅರಸಾಯಿ ತಲೆ ಎತ್ತಿದಳು. ಅದೇ ಧ್ವನಿ, ಅದೇ ರಾಗ. ಎದ್ದು ಹಿತ್ತಿಲಿಗೆ ನಡೆದಳು, ಬರಿಗೈಯಲ್ಲಿ. ಕುದುರೆಯ ಎಡತುಟಿ ಇಳಿದಿತ್ತು. ಈಗ ಬಲತುಟಿ ಮೇಲೆದ್ದಿತ್ತು.

"ಇಳಿ."

"ಒಂದೇ ಒಂದು ಸಲ ಆತ್ತಾ. ಇಲ್ದಿದ್ರೆ ಒಡೆದುಹಾಕ್ತಾರೆ!"

"ಇಳಿಯೋ!"

ಅಷ್ಟರಲ್ಲಿ ಅಂಬಲಂ ಬಂದ. ಹಿಂದೆ ಅರ್ಧ ಊರು ಬಂತು. ತಮಟೆ ನಿಂತಿತು.

"ಮುಗೀತೋ ಇಲ್ವೋ, ಒಂದು ಮಾತು ಹೇಳಿಬಿಡಮ್ಮಾ" ಎಂದ ಅವನು. "ಹೇಳಬೇಕಾದವನು ಬಾಯಿ ಮುಚ್ಚಿ ಮಲಗಿದಾನೆ."

ಅರಸಾಯಿ ಕುದುರೆಯನ್ನು ಗೊರಸಿನಿಂದ ಕಿವಿಯ ತನಕ ನೋಡಿದಳು.

"ಮುಗೀತು."

"ಅವನು ಹಾಗಂತ ಹೇಳಿದ್ನಾ?"

"ಎಲ್ಲಿ ಹೇಳ್ತಾರೆ? ಇನ್ನು ನೂರು ವರ್ಷ ಬದುಕಿದ್ರೂ ಹೇಳ್ತಿರ್ಲಿಲ್ಲ. ಮಣ್ಣು ಅವರದು, ನೀರು ನಂದು. ಇದರ ಹೊಟ್ಟೇಲಿ ನನ್ನ ಒಂದು ಕೆರೆ ನೀರಿದೆ ಅಯ್ಯಾ. ನಾನು ಹೇಳ್ತಿದೀನಿ, ಮುಗೀತು."

"ಮುಖ ನಗ್ತಿದೆಯಲ್ಲಮ್ಮಾ..."

"ನಗಲಿ! ವರ್ಷವಿಡೀ ನಡೆದು ದಣಿದ ಸ್ವಾಮಿಗೆ ನಗೋ ಕುದುರೆ ಸಿಕ್ಕಿದ್ರೆ ಬೇಡ ಅಂತಾನಾ?"

ಜನರ ನಡುವೆ ಒಂದು ಕಿಸಕ್ಕನೆ ನಗು ಹೊರಟು, ಸಾವಿನ ಮನೆ ಎಂದು ನೆನಪಾಗಿ ಅಲ್ಲೇ ಅಡಗಿತು. ಕೂತಪೆರುಮಾಳ ಮಾತ್ರ ಅಳುವಂತಾಗಿದ್ದ. "ಒದ್ದೆ ಇದೆ ಆತ್ತಾ. ಬೆಂಕಿ ಹಾಕಿದ್ರೆ ಸಿಡಿದುಹೋಗತ್ತೆ."

"ಹದಿನಾರು ದಿನ ನೀನೂ ಮುಟ್ಟೋ ಹಾಗಿಲ್ಲ, ನಾನೂ ಮುಟ್ಟೋ ಹಾಗಿಲ್ಲ" ಎಂದಳು ಅರಸಾಯಿ. "ಅದಕ್ಕೆ ಬೇಕಾಗಿದ್ದೂ ಅಷ್ಟೇ. ಯಾರೂ ಕೈ ಹಾಕದೆ ಒಣಗೋಕೆ ಬಿಡೋದು. ಕರ್ಮ ಮುಗಿದ ಮಾರನೇ ದಿನ ಸುಡು."

ಅಂಬಲಂ ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿಕೊಂಡ, ದೇವರ ಮುಂದೆ ನಿಂತಾಗ ಮಾಡುವ ಹಾಗೆ. "ಎಲಾ ಸೋಣೈ, ಏನು ಬಾಯಿ ಬಿಟ್ಕೊಂಡು ನಿಂತಿದೀಯಾ? ಹೊಡಿ!"

ಸೋಣೈ ಹೊಡೆದದ್ದು ಸಾವಿನ ಹೊಡೆತವಲ್ಲ, ಸ್ವಾಮಿಯದು. ಹುಡುಗರು ಹಾರಿ ಹಾರಿ ಕುದುರೆಯ ಮೈಮೇಲಿದ್ದ ಒದ್ದೆ ಗೋಣಿಗಳನ್ನು ಕಿತ್ತೆಸೆದರು. ಕುದುರೆಯನ್ನು ಊರು ಇಡಿಯಾಗಿ ಕಂಡದ್ದು ಅದೇ ಮೊದಲು. ಒಬ್ಬ ಮುದುಕಿ ತಡೆಯಲಾರದೆ ನಾಲಗೆ ಹೊರಳಿಸಿ ಮಂಗಳದ ಕೂಗು ಹಾಕಿ, ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು.

"ಹಾಕಕ್ಕಾ" ಎಂದಳು ಅರಸಾಯಿ. "ಅವರು ಕೇಳಿಸ್ಕೊಳ್ಳಲಿ."

ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಹೂವಿನ ಚಟ್ಟ ಹಿತ್ತಿಲ ದಾರಿಯಿಂದಲೇ ಹೊರಟಿತು. ಹೊತ್ತವರು ಚಪ್ಪರದ ಮುಂದೆ ನಿಂತು, ಸೇವುಗನ ಮುಖವನ್ನು ಕುದುರೆಯ ಕಡೆ ತಿರುಗಿಸಿದರು. ಎರಚಿದ ಅರಳು ಅರ್ಧ ಅವನ ಮೇಲೆ, ಅರ್ಧ ಕುದುರೆಯ ಬೆನ್ನ ಮೇಲೆ ಬಿತ್ತು. ಧೂಳೆಬ್ಬಿಸಿ ಕುಣಿಯುತ್ತಾ ಜನ ಸುಡುಗಾಡಿನ ಕಡೆ ಹೊರಳಿದರು. ಅರಸಾಯಿ ದಾರಿಯ ತಿರುವಿನ ತನಕ ನೋಡುತ್ತಾ ನಿಂತಳು.

ಸಂಜೆ ಕೂತಪೆರುಮಾಳ ಬೋಳುತಲೆಯಲ್ಲಿ, ಒದ್ದೆ ಪಂಚೆಯಲ್ಲಿ ಮರಳಿದ. ಮನೆಯೊಳಗೆ ಹೋಗದೆ ಚಪ್ಪರದ ಅಂಚಿಗೆ ಬಂದು ನಿಂತ. ಬಲಗೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಕಂಕುಳಲ್ಲಿ ಅದುಮಿಟ್ಟುಕೊಂಡ.

ಮಗ್ಗುಲಲ್ಲಿ ತಾಯಿ ಬಂದು ನಿಂತಳು. ಇಬ್ಬರೂ ಕತ್ತೆತ್ತಿ ನೋಡಿದರು. ಕುದುರೆಯ ಮೈಯೆಲ್ಲ ಇನ್ನೂ ಕಪ್ಪು ಕೆಸರಿನ ಬಣ್ಣ. ಎರಡು ಕಿವಿಗಳ ತುದಿ ಮಾತ್ರ, ಒಂದು ಬೆರಳಿನಷ್ಟು, ಒಣಗಿ ಬೆಳ್ಳಗಾಗಿತ್ತು.